ಆಟದ ಪೀರಿಯಡ್ ಯಾರದು? ಶಾಲಾ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಇಲಾಖೆಯ ಮಾನ್ಯ ಸಚಿವರಿಗೆ, ಹಾಗೆಯೇ ಇದನ್ನು ಓದುವ ಎಲ್ಲ ಮೇಷ್ಟ್ರು, ಟೀಚರುಗಳಿಗೆ,

ನಮಸ್ಕಾರ.

ನಾನು ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸಗಳನ್ನು ಮಾಡಲು ಕಷ್ಟಪಡುವವರಿಗೆ ಅವನ್ನು ಕಲಿಸುವ ಚಿಕಿತ್ಸಕಿ. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಮಕ್ಕಳ ಜೊತೆ ಕೆಲಸ ಮಾಡುತ್ತೇನೆ. ಏನು ಕೆಲಸ ಅಂತ ಯಾರಾದರೂ ಕೇಳಿದರೆ ‘ಮಕ್ಕಳನ್ನು ಆಡಿಸ್ತೀನಿ’ ಎನ್ನುತ್ತೇನೆ. ‘ಅದಕ್ಕೂ ಓದ್ಬೇಕಾ ಮೇಡಂ?’ ಅಂತ ನಗುತ್ತಾರೆ. ಓದಬೇಕು. ನಾನು ಓದಿದ್ದು ನಾಲ್ಕೂವರೆ ವರ್ಷದ ಡಿಗ್ರಿ.

ಈ ಪತ್ರ ಬರೆಯುತ್ತಿರುವುದು ಹೊಸ ಯೋಜನೆ ಕೇಳಲು ಅಲ್ಲ. ಒಂದರಿಂದ ಐದನೇ ತರಗತಿಯ ಟೈಮ್‌ಟೇಬಲ್‌ನಲ್ಲಿ ಆಟದ ಪೀರಿಯಡ್ ಅಂತ ಈಗಾಗಲೇ ಇದೆ. ಅದನ್ನು ನಿಜವಾಗಿ ನಡೆಸಿ. ನಡೆಸುವಾಗ ಒಂದು ಬಗೆಯ ಮಕ್ಕಳನ್ನು ಹೊರಗೆ ಕೂರಿಸಬೇಡಿ. ನನ್ನ ಮಾತು ಇಷ್ಟೇ. ಇಷ್ಟು ಚಿಕ್ಕ ಮಾತಿಗೆ ಇಷ್ಟು ಉದ್ದದ ಪತ್ರ ಯಾಕೆ ಅಂದರೆ, ಆ ಮಕ್ಕಳು ಯಾರು ಅನ್ನುವುದೇ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ನೋಡಿರುತ್ತೀರಿ, ಗುರುತಿಸಿರುವುದಿಲ್ಲ ಅಷ್ಟೇ. ಶನಿವಾರ ಬೆಳಿಗ್ಗೆ ಮಾಸ್ ಪಿ.ಟಿ. ನಡೆಯುವಾಗ ಎಲ್ಲರ ಬಲಗೈ ಮೇಲೆ ಹೋದರೆ ಇವನ ಎಡಗೈ ಹೋಗುತ್ತದೆ. ಎಲ್ಲರೂ ಇಳಿಸುವಾಗ ಇವನು ಎತ್ತುತ್ತಾನೆ. ಹಿಂದಿನ ಸಾಲಿನವರು ಕಿಸಕ್ಕನೆ ನಗುತ್ತಾರೆ. ಬಿಸಿಯೂಟದ ತಟ್ಟೆ ಹಿಡಿದು ಬರುವಾಗ ಸಾರು ಚೆಲ್ಲುತ್ತದೆ. ಅಂಗಿಯ ಗುಂಡಿ ಒಂದು ಮನೆ ತಪ್ಪಿ ಇನ್ನೊಂದಕ್ಕೆ ಸೇರಿರುತ್ತದೆ. ಬಾಗಿಲು ದಾಟುವಾಗ ಭುಜ ಚೌಕಟ್ಟಿಗೆ ತಾಗುತ್ತದೆ. ಚೆಂಡು ಎಸೆದರೆ ಅದು ಎದೆಗೆ ಬಡಿದು ನೆಲಕ್ಕೆ ಬಿದ್ದ ಮೇಲೆ ಎರಡೂ ಕೈ ಸೇರುತ್ತವೆ. ಹುಡುಗರಲ್ಲಿ ಇದು ಜಾಸ್ತಿ. ಹುಡುಗಿಯರಲ್ಲೂ ಇದೆ, ಆದರೆ ಅವರು ಸದ್ದಿಲ್ಲದೆ ಜಗಲಿ ಮೇಲೆ ಹೋಗಿ ಕೂತುಬಿಡುತ್ತಾರೆ. ‘ಆಟ ಇಷ್ಟ ಇಲ್ಲ ಅವಳಿಗೆ’ ಅಂತ ನಾವು ತೀರ್ಮಾನ ಮಾಡಿ ಮುಗಿಸುತ್ತೇವೆ.

ಇವರಿಗೆ ಬುದ್ಧಿ ಕಡಿಮೆ ಇರುವುದಿಲ್ಲ. ಬಾಯಿಲೆಕ್ಕ ಕೇಳಿದರೆ ಪಟಪಟ ಹೇಳುತ್ತಾರೆ. ಅದೇ ಲೆಕ್ಕವನ್ನು ಬರೆದು ತೋರಿಸು ಎಂದರೆ ಅಂಕಿಗಳು ಒಂದರ ಕೆಳಗೆ ಒಂದು ನಿಲ್ಲುವುದಿಲ್ಲ. ಬಿಡಿಸ್ಥಾನ, ಹತ್ತರ ಸ್ಥಾನ ಎಲ್ಲ ಪಕ್ಕಕ್ಕೆ ಸರಿದು ಉತ್ತರ ತಪ್ಪುತ್ತದೆ. ಕನ್ನಡ ಬರವಣಿಗೆಯಂತೂ ಇವರಿಗೆ ದೊಡ್ಡ ಪರೀಕ್ಷೆ. ನಮ್ಮ ಅಕ್ಷರಗಳು ದುಂಡು. ಪೆನ್ಸಿಲ್ ಎತ್ತದೆ ಸುತ್ತಬೇಕು, ಸುತ್ತಿದ ಮೇಲೆ ಸರಿಯಾದ ಜಾಗದಲ್ಲಿ ನಿಲ್ಲಿಸಬೇಕು, ಆಮೇಲೆ ತಲೆಕಟ್ಟು, ಗುಡಿಸು, ಕೊಂಬು. ಇಷ್ಟಾದ ಮೇಲೆ ಒತ್ತಕ್ಷರ ಕೆಳಗೆ ಬರಬೇಕು. ಇವರ ಪುಸ್ತಕದಲ್ಲಿ ಮೊದಲ ಸಾಲಿನ ಒತ್ತಕ್ಷರ ಎರಡನೇ ಸಾಲಿನ ಅಕ್ಷರದ ತಲೆ ಮೇಲೆ ಕೂತಿರುತ್ತದೆ. ಪುಟದ ಹಿಂಭಾಗ ಸವರಿ ನೋಡಿ. ಪೆನ್ಸಿಲ್ ಒತ್ತಿದ ಗುರುತು ಬೆರಳಿಗೆ ಸಿಗುತ್ತದೆ. ಅಷ್ಟು ಬಲ ಹಾಕಿ ಬರೆದಿರುತ್ತಾರೆ. ಪುಟದ ಮುಂಭಾಗದಲ್ಲಿ ಮಾತ್ರ ಕೆಂಪು ಇಂಕಿನಲ್ಲಿ ‘ಅಂದವಾಗಿ ಬರೆ’ ಅಂತ ಇರುತ್ತದೆ.

ವೈದ್ಯಲೋಕದಲ್ಲಿ ಇದಕ್ಕೆ ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್ ಅನ್ನುತ್ತಾರೆ. ಚಿಕ್ಕದಾಗಿ ಡಿ.ಸಿ.ಡಿ. ಡಿಸ್‌ಪ್ರಾಕ್ಸಿಯಾ ಅನ್ನುವ ಹೆಸರೂ ಚಾಲ್ತಿಯಲ್ಲಿದೆ. ಹಿಂದೆ ‘ಕ್ಲಮ್ಸಿ ಚೈಲ್ಡ್’ ಅಂತಲೇ ಬರೆಯುತ್ತಿದ್ದರು. ಅದು ಬೈಗುಳದ ಹಾಗಿದೆ ಎನಿಸಿ, 1994ರಲ್ಲಿ ಕೆನಡಾದ ಲಂಡನ್ ಎಂಬ ಊರಿನಲ್ಲಿ ಸೇರಿದ ತಜ್ಞರು ಡಿ.ಸಿ.ಡಿ. ಎಂಬ ಹೆಸರನ್ನೇ ಬಳಸೋಣ ಅಂತ ಒಪ್ಪಿಕೊಂಡರು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಡಿಎಸ್‌ಎಂ-5 ಕೈಪಿಡಿ 5ರಿಂದ 11 ವರ್ಷದ ಮಕ್ಕಳಲ್ಲಿ ನೂರಕ್ಕೆ 5ರಿಂದ 6 ಮಂದಿಗೆ ಇದು ಇರುತ್ತದೆ ಎನ್ನುತ್ತದೆ. ಮೂವತ್ತು ಮಕ್ಕಳ ತರಗತಿ ಅಂದರೆ ಒಬ್ಬರೋ ಇಬ್ಬರೋ. ನಿಮ್ಮ ಇಲಾಖೆಯ ಯಾವ ಶಾಲೆಗೆ ಹೋದರೂ ಇವರು ಸಿಗುತ್ತಾರೆ.

ತೊಂದರೆ ಇರುವುದು ಸ್ನಾಯುವಿನಲ್ಲಲ್ಲ. ಒಂದು ಕೆಲಸಕ್ಕೆ ಕೈಕಾಲು ಯಾವ ಕ್ರಮದಲ್ಲಿ, ಎಷ್ಟು ಬಲದಲ್ಲಿ, ಯಾವ ಕ್ಷಣಕ್ಕೆ ಹೋಗಬೇಕು ಅಂತ ಮಿದುಳು ಮೊದಲೇ ಲೆಕ್ಕ ಹಾಕಿಕೊಳ್ಳುತ್ತದೆ. ಚೆಂಡು ಇಲ್ಲಿಗೆ ಬರುವ ಹೊತ್ತಿಗೆ ಕೈ ಅಲ್ಲಿರಬೇಕು ಅನ್ನುವ ಲೆಕ್ಕ. ಬೇರೆ ಮಕ್ಕಳಿಗೆ ಆಡ್ತಾ ಆಡ್ತಾ ಅದು ತಾನಾಗಿ ಕೂಡಿಬರುತ್ತದೆ. ಈ ಮಕ್ಕಳಿಗೆ ಅದೇ ಲೆಕ್ಕ ಕೂಡಿಬರಲು ಎಷ್ಟೋ ಪಾಲು ಹೆಚ್ಚು ಸಲ ಮಾಡಬೇಕಾಗುತ್ತದೆ. ಯಾಕೆ ಹೀಗೆ ಅನ್ನುವುದಕ್ಕೆ ಒಂದೇ ಕಾರಣ ಹೇಳಲು ಬರುವುದಿಲ್ಲ. ಅವಧಿಗೆ ಮುಂಚೆ ಹುಟ್ಟಿದ, ಕಡಿಮೆ ತೂಕದಲ್ಲಿ ಹುಟ್ಟಿದ ಮಕ್ಕಳಲ್ಲಿ ಇದು ಜಾಸ್ತಿ ಕಂಡುಬರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಹುಟ್ಟಿದಾಗಿನ ತೂಕ ದಾಖಲಾದ ಮಕ್ಕಳಲ್ಲಿ ಶೇ. 18ರಷ್ಟು ಕಡಿಮೆ ತೂಕದಲ್ಲಿ ಹುಟ್ಟಿದವರು. ಹಾಗಾಗಿ ‘ಇದೆಲ್ಲ ಫಾರಿನ್ ಕಾಯಿಲೆ’ ಅಂತ ತಳ್ಳಿಹಾಕುವ ಹಾಗಿಲ್ಲ.

ಇಲ್ಲೇ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ, ಟೀಚರುಗಳಿಗೆ ಮುಖ್ಯ. ಡಿ.ಸಿ.ಡಿ. ಇರುವ ಮಗು ನಿಧಾನವಾಗಿ ಕಲಿಯುತ್ತದೆ, ಆದರೆ ಕಲಿಯುತ್ತಾ ಹೋಗುತ್ತದೆ. ಮೊದಲು ಮೆಟ್ಟಿಲು ಹತ್ತುತ್ತಿದ್ದ ಮಗು ಈಗ ಹತ್ತಲಾರದೆ ತೊಡೆ ಮೇಲೆ ಕೈ ಊರಿಕೊಂಡು ಏಳುತ್ತಿದೆ ಎಂದರೆ ಅದು ಬೇರೆ. ಅಂಥ ಮಗುವನ್ನು ತಡಮಾಡದೆ ಮಕ್ಕಳ ಡಾಕ್ಟರ ಹತ್ತಿರ ಕಳಿಸಿ. ಕಣ್ಣಿನ ಪರೀಕ್ಷೆಯಂತೂ ಎಲ್ಲರಿಗೂ ಆಗಲೇಬೇಕು. ಬರೀ ಕನ್ನಡಕ ಇಲ್ಲದ್ದಕ್ಕೆ ಚೆಂಡು ಕೈಗೆ ಸಿಗದ ಮಕ್ಕಳೂ ಇದ್ದಾರೆ.

‘ದೊಡ್ಡವನಾದರೆ ಸರಿಹೋಗ್ತಾನೆ ಬಿಡಿ’ ಅನ್ನುವ ಮಾತು ನಾನು ಅತಿ ಹೆಚ್ಚು ಕೇಳುವ ಮಾತು. ಅಜ್ಜಿಯರು ಹೇಳುತ್ತಾರೆ, ಹೆಚ್.ಎಂ.ಗಳು ಹೇಳುತ್ತಾರೆ, ಕೆಲವು ಡಾಕ್ಟರುಗಳೂ ಹೇಳುತ್ತಾರೆ. ಆದರೆ ಇಂಥ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳು ಬೇರೆಯೇ ಹೇಳುತ್ತವೆ. ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ತೊಂದರೆ ಹದಿಹರೆಯಕ್ಕೂ ಉಳಿಯುತ್ತದೆ. ಜೊತೆಗೆ ಇನ್ನೊಂದಷ್ಟು ಸೇರಿಕೊಳ್ಳುತ್ತದೆ. ಆಡಲು ಬರುವುದಿಲ್ಲ ಅಂತ ಆಡುವುದಿಲ್ಲ. ಆಡದೆ ಇರುವುದರಿಂದ ಮೈಗೆ ದಮ್ಮು ಬರುವುದಿಲ್ಲ. ಐದನೇ ತರಗತಿಯ ಹೊತ್ತಿಗೆ ಓಡಿದರೆ ಏದುಸಿರು. ಗೆಳೆಯರು ಆಟದ ಬಯಲಲ್ಲಿ ತಾನೇ ಸಿಗುವುದು, ಅಲ್ವಾ? ಅಲ್ಲಿಗೇ ಹೋಗದ ಮಗುವಿಗೆ ಗೆಳೆತನವೂ ಕಡಿಮೆ. ಸ್ಕೂಲಿಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು ಶುರುವಾಗುತ್ತದೆ. ನನ್ನ ಹತ್ತಿರ ಬರುವ ಎಷ್ಟೋ ಮಕ್ಕಳ ಮೊದಲ ದೂರು ಹೊಟ್ಟೆನೋವೇ. ಕೈಬರಹದ ಮಾತು ಆಮೇಲೆ ಬರುತ್ತದೆ.

ಈಗ ಕಾನೂನಿನ ವಿಷಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ‘ನಿರ್ದಿಷ್ಟ ಕಲಿಕಾ ನ್ಯೂನತೆ’ ಎಂಬುದರ ವಿವರಣೆಯೊಳಗೆ ಡಿಸ್ಲೆಕ್ಸಿಯಾ (ಓದುವ ತೊಂದರೆ), ಡಿಸ್‌ಗ್ರಾಫಿಯಾ (ಬರೆಯುವ ತೊಂದರೆ), ಡಿಸ್‌ಕ್ಯಾಲ್ಕುಲಿಯಾ (ಲೆಕ್ಕದ ತೊಂದರೆ) ಜೊತೆಗೆ ಡಿಸ್‌ಪ್ರಾಕ್ಸಿಯಾ ಕೂಡ ಇದೆ. ಇದೇ ಕಾಯ್ದೆಯ 16ನೇ ಕಲಮು ಇಂಥ ಮಕ್ಕಳನ್ನು ಆದಷ್ಟು ಬೇಗ ಗುರುತಿಸಬೇಕು ಎನ್ನುತ್ತದೆ. 25ನೇ ಕಲಮು ವರ್ಷಕ್ಕೆ ಒಮ್ಮೆಯಾದರೂ ಎಲ್ಲ ಮಕ್ಕಳ ತಪಾಸಣೆ ಆಗಬೇಕು ಎನ್ನುತ್ತದೆ. ತಪಾಸಣೆಗೆ ವ್ಯವಸ್ಥೆಯೂ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಜೀಪಿನಲ್ಲಿ ಶಾಲೆಗೆ ಬರುತ್ತದೆ. ಹಲ್ಲು ನೋಡುತ್ತಾರೆ, ಕಣ್ಣು ನೋಡುತ್ತಾರೆ, ರಕ್ತಹೀನತೆ ನೋಡುತ್ತಾರೆ. ಬೆಳವಣಿಗೆಯ ತೊಂದರೆಗಳನ್ನು ನೋಡುವುದೂ ಅವರ ಪಟ್ಟಿಯಲ್ಲಿದೆ. ಆದರೆ ಸಾಲಾಗಿ ನಿಂತ ಮಗುವನ್ನು ನೋಡಿ ಡಿ.ಸಿ.ಡಿ. ಹೇಳಲು ಯಾವ ಡಾಕ್ಟರಿಗೂ ಆಗುವುದಿಲ್ಲ. ನಿಂತ ಮಗು ಎಲ್ಲರ ಹಾಗೇ ಕಾಣುತ್ತದೆ. ಅದು ಕುಪ್ಪಳಿಸಬೇಕು, ಚೆಂಡು ಹಿಡಿಯಬೇಕು, ಗುಂಡಿ ಹಾಕಬೇಕು. ಅದನ್ನು ದಿನಾ ನೋಡುವವರು ಟೀಚರ್ ಒಬ್ಬರೇ.

ಆದ್ದರಿಂದ ಆರೋಗ್ಯ ಇಲಾಖೆಯ ಜೊತೆ ಮಾತಾಡಿ ಒಂದು ಸಣ್ಣ ಬದಲಾವಣೆ ಮಾಡಿಸಿ. ತಂಡ ಬರುವ ಮುಂಚೆ ತರಗತಿ ಶಿಕ್ಷಕರಿಂದ ಒಂದು ಚೀಟಿ ಹೋಗಲಿ. ವಯಸ್ಸಿಗೆ ತಕ್ಕ ಹಾಗೆ ಓಡುವುದು, ಹಾರುವುದು, ಚೆಂಡು ಹಿಡಿಯುವುದು ಯಾರಿಗೆ ತೀರಾ ಕಷ್ಟ? ಗುಂಡಿ, ಚೀಲದ ಜಿಪ್ಪು, ಊಟ ಯಾರಿಗೆ ಕಷ್ಟ? ಬಾಯಲ್ಲಿ ಹೇಳುವುದಕ್ಕೂ ಬರೆಯುವುದಕ್ಕೂ ಯಾರಲ್ಲಿ ಅಜಗಜಾಂತರ ಇದೆ? ಇಷ್ಟು ಕೇಳಿದರೆ ಸಾಕು, ಹೆಸರುಗಳು ತಾವಾಗಿಯೇ ಬರುತ್ತವೆ. ಚೀಟಿಯಲ್ಲಿ ಹೆಸರು ಬಂತು ಅಂದ ಮಾತ್ರಕ್ಕೆ ಮಗುವಿಗೆ ಹಣೆಪಟ್ಟಿ ಹಚ್ಚಬೇಕಾಗಿಲ್ಲ. ಸಾಮಾನ್ಯವಾಗಿ ಐದು ವರ್ಷಕ್ಕೆ ಮುಂಚೆ ಇದನ್ನು ಖಚಿತವಾಗಿ ಹೇಳುವುದೂ ಇಲ್ಲ. ಆಡಿಸಲು ಮಾತ್ರ ಸರ್ಟಿಫಿಕೇಟ್ ಬೇಡ. ಇವತ್ತೇ ಶುರು ಮಾಡಬಹುದು.

ಹಾಗಾದರೆ ಆಡಿಸುವುದು ಅಂದರೆ ಏನು? ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ‘ಪ್ಲೇ ಥೆರಪಿ’ ಬೋರ್ಡು ಈಗ ಊರೂರಲ್ಲಿ ನೇತಾಡುತ್ತಿದೆ. ಮೂಲದಲ್ಲಿ ಅದು ಮನಸ್ಸಿನ ಚಿಕಿತ್ಸೆ. ಮಾತಲ್ಲಿ ಹೇಳಲಾಗದ ದುಃಖ, ಭಯವನ್ನು ಮಗು ಬೊಂಬೆ, ಮರಳು, ಬಣ್ಣದಲ್ಲಿ ಹೊರಹಾಕುತ್ತದೆ. ಒಳ್ಳೆಯದೇ. ನಾನು ಹೇಳುತ್ತಿರುವುದು ಬೇರೆ. ಕೈಕಾಲಿನ ಹೊಂದಾಣಿಕೆ ಕಲಿಸಲು ಆಟವನ್ನೇ ದಾರಿ ಮಾಡಿಕೊಳ್ಳುವುದು.

ಒಂದು ಉದಾಹರಣೆ ಕೊಡುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ನಾಲ್ಕನೇ ತರಗತಿಯ ಹುಡುಗಿ. ಅವಳ ಅಮ್ಮನಿಗೆ ಅಕ್ಷರ ದುಂಡಾಗಬೇಕು. ಹುಡುಗಿಗೆ ಕುಂಟೆಬಿಲ್ಲೆ ಬರಬೇಕು. ದೇವಸ್ಥಾನದ ಮುಂದೆ ಎಲ್ಲರೂ ಆಡುತ್ತಾರೆ, ಇವಳನ್ನು ಸೇರಿಸಿಕೊಳ್ಳುವುದಿಲ್ಲ. ನಾವು ಕುಂಟೆಬಿಲ್ಲೆಯಿಂದ ಶುರು ಮಾಡಿದೆವು. ಮಗುವಿಗೆ ಏನು ಬೇಕೋ ಅಲ್ಲಿಂದಲೇ ಶುರು ಮಾಡಬೇಕು, ಅಮ್ಮನಿಗೆ ಬೇಕಾದ್ದು ಆಮೇಲೆ. ಅಮ್ಮನಿಗೆ ಅಷ್ಟೇನೂ ಸಮಾಧಾನ ಆಗಲಿಲ್ಲ ಅನ್ನಿ.

ಮೊದಲು ಮನೆಗಳನ್ನು ದೊಡ್ಡದಾಗಿ ಬರೆದೆವು. ಎರಡೂ ಕಾಲಲ್ಲಿ ಹಾರಿದಳು. ಹೆಂಚಿನ ಚೂರು ಎಸೆದರೆ ಜಾರಿ ಗೆರೆ ದಾಟಿಹೋಗುತ್ತಿತ್ತು. ‘ಏನು ಮಾಡೋಣ?’ ಅಂತ ಅವಳನ್ನೇ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ಬಟ್ಟೆ ಚೂರನ್ನು ನೀರಲ್ಲಿ ಅದ್ದಿ ಮಡಿಸಿ ತಂದಳು. ಎಸೆದರೆ ಪಚಕ್ಕಂತ ಅಲ್ಲೇ ಕೂತಿತು. ಮುಂದೆ ಒಂಟಿಕಾಲು. ಮೂರನೇ ಮನೆಗೆ ಬರುವಷ್ಟರಲ್ಲಿ ವಾಲಿ ಬೀಳುತ್ತಿದ್ದಳು. ‘ಯಾಕೆ ಬಿದ್ದೆ ಅನ್ಸುತ್ತೆ?’ ಅಂದೆ. ಗೊತ್ತಿಲ್ಲ ಮಿಸ್ ಅಂದಳು. ‘ಹಾರುವಾಗ ಕಣ್ಣು ಎಲ್ಲಿತ್ತು?’ ‘ಕಾಲ್ ಮೇಲೆ.’ ಮುಂದಿನ ಸಲ ಬೇರೆ ಎಲ್ಲಾದರೂ ನೋಡಿ ಹಾರು ಅಂದೆ. ಆಕಾಶ ನೋಡಿ ಹಾರಿದಳು, ಬಿದ್ದಳು, ಇಬ್ಬರೂ ನಕ್ಕೆವು. ಆಮೇಲೆ ಅವಳೇ ಕಂಡುಹಿಡಿದಳು: ‘ಕಾಲು ನೋಡ್ಬಾರ್ದು ಮಿಸ್, ಮುಂದಿನ ಮನೆ ನೋಡ್ಬೇಕು.’

ಆ ವಾಕ್ಯ ನಾನೇ ಮೊದಲ ದಿನ ಹೇಳಿಕೊಡಬಹುದಿತ್ತು. ಹೇಳಿದ್ದರೆ ಅದು ಕುಂಟೆಬಿಲ್ಲೆಗೆ ಮಾತ್ರ ಉಪಯೋಗಕ್ಕೆ ಬರುತ್ತಿತ್ತು. ತಾನೇ ಕಂಡುಕೊಂಡಿದ್ದಕ್ಕೆ ಸೈಕಲ್ ಹತ್ತಿದಾಗಲೂ ಅವಳು ಚಕ್ರ ನೋಡದೆ ದಾರಿ ನೋಡಿದಳು. ಏನು ಮಾಡಬೇಕು, ಹೇಗೆ ಮಾಡ್ತೀಯ, ಮಾಡು, ಹೇಗಾಯ್ತು ನೋಡು. ಈ ನಾಲ್ಕು ಹೆಜ್ಜೆಯ ವಿಧಾನವನ್ನು ಕೆನಡಾದಲ್ಲಿ ಹೆಲೀನ್ ಪೊಲಟಾಯ್ಕೊ ಮತ್ತು ಆಂಜೆಲಾ ಮ್ಯಾಂಡಿಚ್ ಎಂಬ ಆಕ್ಯುಪೇಷನಲ್ ಥೆರಪಿಸ್ಟರು ರೂಪಿಸಿದರು. ಅದಕ್ಕೆ ‘ಕೋ-ಆಪ್’ ಅನ್ನುತ್ತಾರೆ. ಅದಕ್ಕೆ ದೊಡ್ಡ ಯಂತ್ರ ಏನೂ ಬೇಡ. ತಾಳ್ಮೆ ಬೇಕು, ಉತ್ತರ ಬಾಯಿಗೆ ಬಂದಿದ್ದರೂ ಸುಮ್ನೆ ಇರುವ ಅಭ್ಯಾಸ ಬೇಕು. ನಮ್ಮ ಟೀಚರುಗಳಿಗೆ ಈ ಎರಡನೆಯದೇ ಕಷ್ಟ, ನನಗೂ ಕಷ್ಟವೇ.

ಚೆಂಡು ಹಿಡಿಯುವುದನ್ನೂ ಹೀಗೆಯೇ ಇಳಿಸಿ ಇಳಿಸಿ ತರಬೇಕು. ಟೆನಿಸ್ ಚೆಂಡು ಬರುವ ವೇಗಕ್ಕೆ ಈ ಮಕ್ಕಳ ಕೈ ಸಿದ್ಧವಾಗುವುದಿಲ್ಲ. ಅದಕ್ಕೆ ಬಲೂನಿನಿಂದ ಶುರು. ಬಲೂನು ತೇಲಿಕೊಂಡು ನಿಧಾನಕ್ಕೆ ಬರುತ್ತದೆ, ಕೈ ಎತ್ತಲು ಟೈಮ್ ಸಿಗುತ್ತದೆ. ಆಮೇಲೆ ಪ್ಲಾಸ್ಟಿಕ್ ಕವರಿಗೆ ಪೇಪರ್ ತುಂಬಿ ಕಟ್ಟಿದ ಚೆಂಡು. ಅದು ಪುಟಿಯುವುದಿಲ್ಲ, ಉರುಳಿ ದೂರ ಹೋಗುವುದಿಲ್ಲ, ಬಿದ್ದ ಚೆಂಡಿನ ಹಿಂದೆ ಓಡುವುದರಲ್ಲೇ ಪೀರಿಯಡ್ ಮುಗಿಯುವುದಿಲ್ಲ. ಆಮೇಲೆ ಬಟ್ಟೆ ಚೆಂಡು. ಕೊನೆಗೆ ಟೆನಿಸ್ ಚೆಂಡು, ಅದೂ ಒಂದು ಸಲ ನೆಲಕ್ಕೆ ಪುಟಿಸಿ. ಸ್ವಲ್ಪ ಕಷ್ಟ ಆಗಬೇಕು, ಆದರೆ ಕೈಗೆ ಎಟುಕುವಷ್ಟು ಕಷ್ಟ. ಅದಕ್ಕಿಂತ ಮೇಲೆ ಹೋದರೆ ಮಗು ಬಿಟ್ಟುಬಿಡುತ್ತದೆ, ಕೆಳಗೆ ಹೋದರೆ ಬೋರಾಗುತ್ತದೆ.

ಡ್ರಿಲ್ ಮಾಡಿಸಿದರೆ ಆಗಲ್ವಾ ಅಂತ ಕೇಳುತ್ತಾರೆ. ಈ ಮಕ್ಕಳಿಗೆ ಬೇಕಾದಷ್ಟು ಸಲ ಒಂದೇ ಕೆಲಸವನ್ನು ಬೇಸರವಿಲ್ಲದೆ ಮಾಡಿಸುವ ಶಕ್ತಿ ಆಟಕ್ಕೆ ಮಾತ್ರ ಇದೆ. ‘ಐವತ್ತು ಸಲ ಒಂಟಿಕಾಲಲ್ಲಿ ಹಾರು’ ಎಂದರೆ ಯಾವ ಮಗು ಹಾರುತ್ತದೆ? ಅದೇ ಕುಂಟೆಬಿಲ್ಲೆಯಲ್ಲಿ ಸಂಜೆವರೆಗೆ ಹಾರುತ್ತದೆ, ಊಟಕ್ಕೆ ಕರೆದರೂ ಬರುವುದಿಲ್ಲ.

ಇಲ್ಲಿ ನನ್ನ ವೃತ್ತಿಯ ಬಗ್ಗೆಯೂ ಒಂದು ಮಾತು. ನಗರಗಳ ಕೆಲವು ಸೆಂಟರುಗಳಲ್ಲಿ ಬಣ್ಣದ ಚೆಂಡು ತುಂಬಿದ ತೊಟ್ಟಿ, ತೂಗುವ ಉಯ್ಯಾಲೆ, ಮೈಗೆ ಉಜ್ಜುವ ಬ್ರಷ್ಷು ಎಲ್ಲ ಇರುತ್ತವೆ. ನೋಡಲು ಚೆಂದ. ಮಕ್ಕಳಿಗೂ ಖುಷಿ. ಆದರೆ ಡಿ.ಸಿ.ಡಿ. ಬಗ್ಗೆ 2019ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗದರ್ಶಿ ಮೊದಲ ಆದ್ಯತೆ ಕೊಡುವುದು ಕೆಲಸವನ್ನೇ ನೇರವಾಗಿ ಕಲಿಸುವ ವಿಧಾನಕ್ಕೆ. ಸೈಕಲ್ ಬರಬೇಕಾದರೆ ಸೈಕಲ್ಲೇ ಹತ್ತಬೇಕು. ಈ ವಿಧಾನವೂ ಪವಾಡವೇನಲ್ಲ. ಚಿಕಿತ್ಸೆಗಳ ಬಗೆಗಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2017ರ ಪರಿಶೀಲನೆ ಇದರ ಬಗೆಗಿನ ಅಧ್ಯಯನಗಳು ಚಿಕ್ಕವು, ಸಾಕ್ಷ್ಯ ಇನ್ನೂ ಗಟ್ಟಿಯಾಗಬೇಕು ಅಂತ ಬರೆದಿದೆ. ಇಷ್ಟನ್ನು ಮುಚ್ಚಿಟ್ಟು ‘ಮೂರು ತಿಂಗಳಲ್ಲಿ ಗ್ಯಾರಂಟಿ’ ಎನ್ನುವ ಯಾರನ್ನೂ ನಂಬಬೇಡಿ ಅಂತ ತಂದೆತಾಯಿಗಳಿಗೆ ಹೇಳುತ್ತೇನೆ. ಮಗುವಿಗೆ ಬೇಕಾದ ಕೆಲಸವನ್ನು ಆರಿಸಿಕೊಂಡು, ಅದನ್ನೇ ಚಿಕ್ಕದು ಮಾಡಿ, ಖುಷಿಯಾಗಿ, ಪದೇ ಪದೇ ಮಾಡಿಸುವುದಕ್ಕಿಂತ ಒಳ್ಳೆಯ ದಾರಿ ಸದ್ಯಕ್ಕೆ ನಮ್ಮ ಕೈಯಲ್ಲಿ ಇಲ್ಲ.

ಸೆಂಟರಿಗೆ ಬರಲು ಎಷ್ಟು ಜನರಿಗೆ ಸಾಧ್ಯ? ಮುಕ್ಕಾಲು ಗಂಟೆಗೆ ನೂರಾರು ರೂಪಾಯಿ. ವಾರಕ್ಕೆ ಎರಡು ಸಲ ಬನ್ನಿ ಎಂದರೆ ಕೂಲಿ ಮಾಡುವವರು ಎಲ್ಲಿಗೆ ಹೋಗಬೇಕು? 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ತಾಯಂದಿರಿಗೆ ಬಸ್ಸಿನ ಖರ್ಚು ಉಳಿದಿದೆ, ನಿಜ. ಆ ದಿನದ ಕೂಲಿ ಮಾತ್ರ ಹೋಗುತ್ತದೆ. ಮೈಸೂರು, ಬೆಂಗಳೂರು, ಮಣಿಪಾಲದ ಕಡೆಯವರಿಗೆ ದೊಡ್ಡ ಸಂಸ್ಥೆಗಳಾದರೂ ಹತ್ತಿರ ಇವೆ. ಅರಕಲಗೂಡಿನ ಹಳ್ಳಿಯವರಿಗೆ, ಲಿಂಗಸುಗೂರಿನವರಿಗೆ ಹತ್ತಿರ ಇರುವುದು ಒಂದೇ, ಊರ ಸರ್ಕಾರಿ ಶಾಲೆ. ಅದಕ್ಕೇ ನಾನು ಆಸ್ಪತ್ರೆಗಿಂತ ಹೆಚ್ಚಾಗಿ ನಿಮ್ಮ ಇಲಾಖೆಯ ಬಾಗಿಲು ತಟ್ಟುತ್ತಿರುವುದು.

ಶಾಲೆಯ ಆಟದ ಪೀರಿಯಡ್ ಹೇಗೆ ನಡೆಯುತ್ತದೆ ನೋಡಿ. ‘ಕೆರೆ-ದಡ’ ಆಟ ಎಲ್ಲರಿಗೂ ಗೊತ್ತು. ಟೀಚರ್ ಕೆರೆ ಎಂದರೆ ಗೆರೆಯ ಒಳಗೆ ಹಾರಬೇಕು, ದಡ ಎಂದರೆ ಹೊರಗೆ. ಕಿವಿಗೆ ಬಿದ್ದದ್ದನ್ನು ಕಾಲಿಗೆ ತಲುಪಿಸುವ ಇಷ್ಟು ಒಳ್ಳೆಯ ಕಸರತ್ತನ್ನು ಯಾವ ಥೆರಪಿಸ್ಟೂ ಕಂಡುಹಿಡಿದಿಲ್ಲ. ಆದರೆ ತಪ್ಪಿದವರು ಔಟ್. ಮೊದಲ ನಿಮಿಷದಲ್ಲೇ ನಮ್ಮ ಹುಡುಗ ಔಟ್ ಆಗಿ ಮರದ ಕೆಳಗೆ ಕೂರುತ್ತಾನೆ. ಕೊನೆತನಕ ಹಾರುವವನು ಯಾರು? ಮೊದಲೇ ಚೆನ್ನಾಗಿ ಹಾರುವವನು. ಅಂದರೆ ಅಭ್ಯಾಸ ಯಾರಿಗೆ ಹೆಚ್ಚು ಬೇಕೋ ಅವರಿಗೆ ಎಲ್ಲಕ್ಕಿಂತ ಕಡಿಮೆ ಸಿಗುತ್ತದೆ. ಖೊ-ಖೊ, ಜೂಟಾಟ, ಮ್ಯೂಸಿಕಲ್ ಚೇರ್ ಎಲ್ಲದರಲ್ಲೂ ಇದೇ ಕಥೆ. ಇನ್ನು ಇಬ್ಬರು ನಾಯಕರು ನಿಂತು ಒಬ್ಬೊಬ್ಬರನ್ನೇ ಆರಿಸಿಕೊಳ್ಳುವ ಪದ್ಧತಿ. ಕೊನೆಗೆ ಉಳಿಯುವವನು ಪ್ರತಿ ಸಲ ಅದೇ ಹುಡುಗ. ‘ಇವನು ನಿಮ್ಗೆ’, ‘ಬೇಡ ನೀವೇ ಇಟ್ಕೊಳ್ಳಿ’ ಅನ್ನುವ ಮಾತುಕತೆ ಅವನ ಎದುರಿಗೇ ನಡೆಯುತ್ತದೆ. ಸ್ವಲ್ಪ ಕರುಣೆ ಇರುವ ಟೀಚರ್ ಅವನಿಗೆ ಚೀಲ ಕಾಯುವ ಕೆಲಸವನ್ನೋ, ಸ್ಕೋರ್ ಬರೆಯುವ ಕೆಲಸವನ್ನೋ ಕೊಡುತ್ತಾರೆ. ಅವರ ಮನಸ್ಸು ಒಳ್ಳೆಯದೇ. ಆದರೂ ಆಟ ಹೋಯಿತು.

ನಿಯಮವನ್ನು ಒಂಚೂರು ತಿರುಚಿದರೆ ಸಾಕು. ಔಟ್ ಆದವನು ಒಂದು ಸರದಿ ‘ಕೆರೆ, ದಡ’ ಕೂಗಲಿ, ಮತ್ತೆ ಆಟಕ್ಕೆ ಬರಲಿ. ತಂಡವನ್ನು ಟೀಚರೇ ಭಾಗ ಮಾಡಲಿ. ನಲವತ್ತು ಮಕ್ಕಳಿಗೆ ಒಂದು ಚೆಂಡು ಕೊಡುವ ಬದಲು ಐದೈದು ಮಕ್ಕಳ ಗುಂಪಿಗೊಂದು ಪೇಪರ್ ಚೆಂಡು ಕೊಡಲಿ. ಲಗೋರಿಗೆ ಯಾರಿಗೆ ಗುರಿ ಸಿಗುವುದಿಲ್ಲವೋ ಅವರು ಎರಡು ಹೆಜ್ಜೆ ಮುಂದೆ ನಿಂತು ಹೊಡೆಯಲಿ. ಬೇರೆ ಮಕ್ಕಳು ತಕರಾರು ತೆಗೆಯುತ್ತಾರಾ? ನಾನು ನೋಡಿದ ಹಾಗೆ ಒಂದೆರಡು ದಿನ ತೆಗೆಯುತ್ತಾರೆ, ಆಮೇಲೆ ಮರೆತುಬಿಡುತ್ತಾರೆ. ಗಲ್ಲಿಯಲ್ಲಿ ಆಡುವಾಗ ಚಿಕ್ಕ ತಮ್ಮನನ್ನು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಅಂತ ಸೇರಿಸಿಕೊಳ್ಳುವುದು ಅವರಿಗೆ ಹೊಸದಲ್ಲ. ಇಲ್ಲಿ ಅವನನ್ನು ಲೆಕ್ಕಕ್ಕೂ ಸೇರಿಸಿಕೊಳ್ಳುತ್ತೇವೆ, ಅಷ್ಟೇ ವ್ಯತ್ಯಾಸ.

ಇದನ್ನು ಮಾಡಿಸುವವರು ಯಾರು ಅನ್ನುವ ಪ್ರಶ್ನೆಗೆ ಬರುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಓದಿ. ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕು, ಪ್ರತಿ ತರಗತಿಗೂ ಆಟದ ಸಾಮಾನು ಕೊಡಬೇಕು ಎನ್ನುತ್ತದೆ. ಆದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಶಿಕ್ಷಕರ ಮಾತು ಬರುವುದು ಆರರಿಂದ ಎಂಟನೇ ತರಗತಿಗೆ, ಅದೂ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ. ಒಂದರಿಂದ ಐದಕ್ಕೆ ಸೊನ್ನೆ. ಡಿ.ಸಿ.ಡಿ. ಮಗುವಿಗೆ ಆಟದ ಸಹಾಯ ಎಲ್ಲಕ್ಕಿಂತ ಜಾಸ್ತಿ ಬೇಕಾಗುವ ವಯಸ್ಸೇ ಅದು. ಆರನೇ ತರಗತಿಗೆ ಬರುವ ಹೊತ್ತಿಗೆ ಅವನು ಆಟದ ಆಸೆಯನ್ನೇ ಬಿಟ್ಟಿರುತ್ತಾನೆ.

ಪಿ.ಟಿ. ಮೇಷ್ಟ್ರು ಇರುವ ಕಡೆಯೂ ಪರಿಸ್ಥಿತಿ ಅಷ್ಟಕ್ಕಷ್ಟೇ. ಅವರನ್ನು ನಾವು ಅಳೆಯುವುದು ಹೋಬಳಿ ಮಟ್ಟ, ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ ಎಷ್ಟು ಕಪ್ಪು ಬಂತು ಅನ್ನುವುದರಿಂದ. ಹಾಗಿರುವಾಗ ಅವರು ವೇಗವಾಗಿ ಓಡುವ ಆರು ಮಕ್ಕಳನ್ನು ಬಿಟ್ಟು ಎಡವುವ ಒಬ್ಬನ ಹಿಂದೆ ಯಾಕೆ ಬೀಳುತ್ತಾರೆ? ಅದರ ಮೇಲೆ ಜನಗಣತಿ, ಚುನಾವಣೆ, ಮಕ್ಕಳ ವಿವರ ಕಂಪ್ಯೂಟರಿಗೆ ತುಂಬುವ ಸ್ಯಾಟ್ಸ್ ಎಂಟ್ರಿ. ಪೋರ್ಷನ್ ಮುಗಿದಿಲ್ಲ ಅಂತ ಬೇರೆ ಟೀಚರು ಬಂದು ಪೀರಿಯಡ್ ಕೇಳಿದರೆ ಮೊದಲು ಬಲಿಯಾಗುವುದು ಆಟದ್ದೇ. ಶಿಕ್ಷೆಯಾಗಿ ಕಿತ್ತುಕೊಳ್ಳುವುದೂ ಅದನ್ನೇ. ಬರವಣಿಗೆ ಮುಗಿಸದವನು ಆಟಕ್ಕೆ ಹೋಗುವ ಹಾಗಿಲ್ಲ ಅನ್ನುತ್ತಾರೆ. ಬರವಣಿಗೆ ಮುಗಿಸಲಾಗದ ಹುಡುಗ ಯಾರು? ಮತ್ತೆ ಅವನೇ.

ಸಚಿವರೇ, ಸಮಸ್ಯೆ ಹೇಳಿದ ತಕ್ಷಣ ಇಲಾಖೆಯಲ್ಲಿ ಕಿಟ್ ಖರೀದಿಯ ಕಡತ ಶುರುವಾಗುತ್ತದೆ ಎಂಬುದು ನನ್ನ ಭಯ. ದಯವಿಟ್ಟು ಕಿಟ್ ಕೊಳ್ಳಬೇಡಿ. ಟೆಂಡರ್ ಆಗಿ, ಲಾರಿಯಲ್ಲಿ ಬಂದು, ಕಳೆದರೆ ಆಡಿಟ್‌ನಲ್ಲಿ ತನ್ನ ತಲೆಗೆ ಬರುತ್ತದೆ ಅಂತ ಹೆಚ್.ಎಂ. ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಅವರ ತಪ್ಪೂ ಅಲ್ಲ. ‘ಸಮಗ್ರ ಶಿಕ್ಷಣ’ ಯೋಜನೆಯಲ್ಲಿ ಕ್ರೀಡೆಗೆ ಅಂತ ಕಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000, ಹಿರಿಯ ಪ್ರಾಥಮಿಕಕ್ಕೆ 10,000 ರೂಪಾಯಿ ಕೊಡುವ ಅವಕಾಶ ಇದೆ. ಅದರಲ್ಲಿ ಬಲೂನು, ಹಗ್ಗ, ಸೀಮೆಸುಣ್ಣ, ರಿಂಗು ತಂದರೂ ಹಣ ಮಿಗುತ್ತದೆ. ಖರ್ಚು ಮಾಡಬೇಕಾದ ಜಾಗ ತರಬೇತಿ.

ತರಬೇತಿಗೂ ಹೊಸ ವ್ಯವಸ್ಥೆ ಬೇಡ. ಕ್ಲಸ್ಟರ್, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ ಮಟ್ಟದಲ್ಲಿ ಸಂಪನ್ಮೂಲ ವ್ಯಕ್ತಿಗಳು (ಸಿ.ಆರ್.ಪಿ.ಗಳು) ನಡೆಸುವ ಸಮಾಲೋಚನಾ ಸಭೆ ಇದೆ. ಅದರಲ್ಲಿ ಒಂದು ಅರ್ಧ ದಿನ ಇದಕ್ಕೆ ಕೊಡಿ, ಪಿ.ಪಿ.ಟಿ. ತೋರಿಸದೆ ಅಂಗಳದಲ್ಲಿ ನಡೆಸಿ. 1995ರಲ್ಲಿ ಎಚ್.ಡಿ. ಕೋಟೆಯ ಶಾಲೆಗಳಲ್ಲಿ ಹುಟ್ಟಿದ ನಲಿ-ಕಲಿ ಇಡೀ ರಾಜ್ಯಕ್ಕೆ ಹಬ್ಬಿದ್ದು ಟೀಚರುಗಳ ಕೈಯಿಂದಲೇ. ನೆಲದ ಮೇಲೆ ಕೂತು, ಹಾಡಿ, ಕಾರ್ಡು ಹಿಡಿದು ಓಡಾಡಿ ಕಲಿಸಬಹುದು ಅಂತ ಒಪ್ಪಿಕೊಂಡ ಟೀಚರುಗಳಿಗೆ ಕೆರೆ-ದಡದ ನಿಯಮ ತಿರುಚುವುದು ಭಾರವಾಗುವುದಿಲ್ಲ. ತಾಲ್ಲೂಕಿನಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು (ಬಿ.ಐ.ಇ.ಆರ್.ಟಿ.) ಇದ್ದಾರೆ. ಅವರ ಹೆಚ್ಚಿನ ಸಮಯ ತೀವ್ರ ತೊಂದರೆ ಇರುವ ಮಕ್ಕಳಿಗೆ ಹೋಗುತ್ತದೆ, ಹೋಗಲೇಬೇಕು. ಡಿ.ಸಿ.ಡಿ. ಮಕ್ಕಳ ಹೆಸರು ಅವರ ಪಟ್ಟಿಗೂ ಸೇರಲಿ, ಆದರೆ ದಿನನಿತ್ಯದ ಕೆಲಸ ತರಗತಿ ಟೀಚರದೇ ಇರಲಿ. ಪ್ರತಿ ತಾಲ್ಲೂಕಿಗೆ ಒಬ್ಬ ಆಕ್ಯುಪೇಷನಲ್ ಥೆರಪಿಸ್ಟ್ ಶಾಲೆಯಿಂದ ಶಾಲೆಗೆ ಸುತ್ತುವಂತಾದರೆ ಬಹಳ ಒಳ್ಳೆಯದು. ಅದಕ್ಕೆ ಹುದ್ದೆ ಸೃಷ್ಟಿಯಾಗಬೇಕು, ಹಣಕಾಸು ಇಲಾಖೆ ಒಪ್ಪಬೇಕು, ವರ್ಷಗಳು ಹಿಡಿಯುತ್ತವೆ ಎಂಬುದು ಗೊತ್ತು. ಅಲ್ಲಿಯವರೆಗೆ ಮಕ್ಕಳು ಬೆಳೆಯದೆ ಕಾಯುವುದಿಲ್ಲವಲ್ಲ.

ಬರವಣಿಗೆಯ ಬಗ್ಗೆ ಒಂದೇ ಮಾತು. ಎಸ್ಸೆಸ್ಸೆಲ್ಸಿಯಲ್ಲಿ ಕಲಿಕಾ ನ್ಯೂನತೆ ಇರುವ ಮಕ್ಕಳಿಗೆ ಹೆಚ್ಚಿನ ಸಮಯ ಸಿಗುತ್ತದೆ. ಮೂರನೇ ತರಗತಿಯ ಮಗುವಿಗೂ ಸಿಗಲಿ. ಉತ್ತರ ಬಾಯಲ್ಲಿ ಹೇಳಲು ಬಿಡಿ. ‘ಹತ್ತು ಸಲ ಬರೆದು ತಾ’ ಅನ್ನುವ ಶಿಕ್ಷೆಯನ್ನು ಈ ಮಕ್ಕಳ ಮಟ್ಟಿಗಾದರೂ ನಿಲ್ಲಿಸಿ. ದೈಹಿಕ ಶಿಕ್ಷಣಕ್ಕೆ ಗ್ರೇಡ್ ಕೊಡುವಾಗ ಪಕ್ಕದವನ ಜೊತೆ ಹೋಲಿಸದೆ, ಜೂನ್‌ನಲ್ಲಿ ಈ ಮಗು ಹೇಗಿತ್ತು, ಮಾರ್ಚ್‌ನಲ್ಲಿ ಹೇಗಿದೆ ಅಂತ ನೋಡಿ ಕೊಡಿ.

ಮುಂದಿನ ವರ್ಷದ ವೇಳಾಪಟ್ಟಿಯ ಸುತ್ತೋಲೆ ಹೊರಡುವಾಗ ಅದರಲ್ಲಿ ಎರಡು ಸಾಲು ಸೇರಿಸಿ ಎಂಬುದು ನನ್ನ ಕೋರಿಕೆ. ಒಂದರಿಂದ ಐದನೇ ತರಗತಿಯ ಆಟದ ಅವಧಿಯನ್ನು ಬೇರೆ ವಿಷಯಕ್ಕೆ ಬಳಸುವಂತಿಲ್ಲ, ಶಿಕ್ಷೆಯಾಗಿ ಯಾವ ಮಗುವಿನಿಂದಲೂ ಕಿತ್ತುಕೊಳ್ಳುವಂತಿಲ್ಲ. ಆಟದಲ್ಲಿ ಹಿಂದೆ ಬೀಳುವ ಮಗುವಿಗೆ ತಕ್ಕಂತೆ ನಿಯಮ ಬದಲಿಸಿ ಪ್ರತಿ ಮಗುವೂ ಪೂರ್ತಿ ಅವಧಿ ಆಡುವಂತೆ ನೋಡಿಕೊಳ್ಳತಕ್ಕದ್ದು. ಕ್ಷೇತ್ರ ಶಿಕ್ಷಣಾಧಿಕಾರಿ (ಬಿ.ಇ.ಒ.) ಶಾಲೆಗೆ ಭೇಟಿ ಕೊಟ್ಟಾಗ ಮಗ್ಗಿ ಕೇಳುವ ಜೊತೆಗೆ, ಆಟದ ಹೊತ್ತಿನಲ್ಲಿ ಮರದ ಕೆಳಗೆ ಯಾರು ಕೂತಿದ್ದಾರೆ ಅಂತಲೂ ಒಮ್ಮೆ ನೋಡಲಿ.

ಬ್ಯಾಗ್‌ರಹಿತ ಶನಿವಾರದ ಒಂದು ದಿನವನ್ನು ನಮ್ಮ ತಾಲ್ಲೂಕಿನ ಯಾವುದಾದರೂ ಕ್ಲಸ್ಟರ್‌ನಲ್ಲಿ ಪ್ರಯೋಗಕ್ಕೆ ಕೊಡುವುದಾದರೆ ನಾನು ಬರಲು ಸಿದ್ಧ. ಟಿ.ಎ., ಡಿ.ಎ. ಬೇಡ. ಟೀಚರುಗಳಿಗೆ ಚಪ್ಪಲಿ ಬಿಟ್ಟು ಅಂಗಳಕ್ಕೆ ಇಳಿಯಲು ಮಾತ್ರ ಹೇಳಿಡಿ, ಅವರೂ ಕುಂಟೆಬಿಲ್ಲೆ ಆಡಬೇಕಾಗುತ್ತದೆ.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ಮಕ್ಕಳ ಆಕ್ಯುಪೇಷನಲ್ ಥೆರಪಿಸ್ಟ್
ಹಾಸನ ಜಿಲ್ಲೆ